ಐದನೇ ಗೇರು: ಹಳೆಯ ಕಾರಿಗೆ ಹೊಸ ಗೇರ್‌ಬಾಕ್ಸ್ ಕೂರಿಸುವವರಿಗೆ

ಅಂಕೋಲೆಯ ಬಾಳೆಗುಳಿ ಕ್ರಾಸಿನಲ್ಲಿ ರಸ್ತೆ ಕವಲೊಡೆಯುತ್ತದೆ. ಕಾರವಾರದತ್ತ ಹೋಗುವ ರಾಷ್ಟ್ರೀಯ ಹೆದ್ದಾರಿ 66 ಈಗ ಚತುಷ್ಪಥ. ಅಲ್ಲಿ ಎಂಬತ್ತಕ್ಕಿಂತ ಕಡಿಮೆ ಓಡಿಸಿದರೆ ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ಹುಬ್ಬಳ್ಳಿಯ ಹೆದ್ದಾರಿ 52 ಹಿಡಿದರೆ ಸ್ವಲ್ಪ ಹೊತ್ತಿಗೆ ಅರಬೈಲ್ ಘಟ್ಟ. ಅಲ್ಲಿ ಲಾರಿಯ ಬೆನ್ನಿಗೆ ಬಿದ್ದು ಎರಡನೇ ಗೇರಿನಲ್ಲಿ ತೆವಳಬೇಕು. ನಾಲ್ಕು ಗೇರಿನ ಹಳೆಯ ಕಾರು ಮೊದಲ ದಾರಿಯಲ್ಲಿ ಕಿರುಚುತ್ತದೆ, ಎರಡನೆಯದರಲ್ಲಿ ಏದುಸಿರು ಬಿಡುತ್ತದೆ. ಐದು ಗೇರಿನ ಬಾಕ್ಸ್ ಹಾಕಿಸೋಣ ಎಂಬ ಯೋಚನೆ ಹುಟ್ಟುವುದು ಆ ಕಿರುಚಾಟ ಕೇಳಿ. ಬಾಕ್ಸ್ ಆರಿಸುವಾಗ ಮಾತ್ರ ನೆನಪಿನಲ್ಲಿರಬೇಕಾದದ್ದು ಘಟ್ಟದ ಏದುಸಿರು. ಹೆದ್ದಾರಿಯನ್ನಷ್ಟೇ ನೋಡಿ ಬಾಕ್ಸ್ ಕೊಂಡವರು ಆಮೇಲೆ ಘಟ್ಟದಲ್ಲಿ ಕ್ಲಚ್ ಸುಟ್ಟುಕೊಳ್ಳುತ್ತಾರೆ.

ನಮ್ಮ ಕಡೆ ಎಂಜಿ, ಟ್ರಯಂಫ್ ತರಹದ ಅಪ್ಪಟ ಸ್ಪೋರ್ಟ್ಸ್ ಕಾರುಗಳು ಬೆರಳೆಣಿಕೆಯಷ್ಟೇ. ಅವುಗಳ ದಾಯಾದಿಗಳು ಮಾತ್ರ ಊರೂರಲ್ಲಿ ಇದ್ದವು, ಈಗಲೂ ಕೆಲವರ ಶೆಡ್ಡಿನಲ್ಲಿವೆ. 1962ರಿಂದ 1980ರವರೆಗೆ ತಯಾರಾದ ಎಂಜಿಬಿಯ 1798 ಸಿಸಿ ಇಂಜಿನ್ನೂ ಅಂಬಾಸಿಡರಿನ 1489 ಸಿಸಿ ಇಂಜಿನ್ನೂ ಬಿಎಂಸಿ ಬಿ-ಸೀರೀಸ್ ಎಂಬ ಒಂದೇ ಮನೆತನದವು. ಎಂಜಿಬಿಗಿಂತ ಮೊದಲು ಬಂದ ಎಂಜಿಎ ಕಾರಿಗೆ ಶುರುವಿನಲ್ಲಿ ಇದ್ದದ್ದೂ 1489 ಸಿಸಿಯೇ. ಮದ್ರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ 1961ರಿಂದ ತಯಾರಿಸಿದ ಹೆರಾಲ್ಡ್ ಇದೆಯಲ್ಲ, ಟ್ರಯಂಫ್‌ನವರು ಅದೇ ಹೆರಾಲ್ಡಿನ ಚಾಸಿಯನ್ನು ಮೋಟು ಮಾಡಿ ಸ್ಪಿಟ್‌ಫೈರ್ ಕಟ್ಟಿದರು. ಹಾಗಾಗಿ ಇಂಗ್ಲೆಂಡಿನಲ್ಲಿ ಎಂಜಿಬಿಗೋ ಸ್ಪಿಟ್‌ಫೈರಿಗೋ ಐದು ಗೇರು ಹಾಕಿದವರ ಅನುಭವ ನಮ್ಮ ಅಂಬಾಸಿಡರ್, ಹೆರಾಲ್ಡ್‌ಗಳಿಗೂ ಬಹಳಮಟ್ಟಿಗೆ ಅನ್ವಯಿಸುತ್ತದೆ.

ಈ ಪರಿವರ್ತನೆಯನ್ನು ನಮ್ಮ ದೇಶದಲ್ಲಿ ಕಾರ್ಖಾನೆಯೇ ಒಮ್ಮೆ ಮಾಡಿತ್ತು. 1984ರಲ್ಲಿ ಹಿಂದುಸ್ತಾನ್ ಮೋಟಾರ್ಸ್ ತಂದ ಕಾಂಟೆಸ್ಸಾಗೆ ಮೊದಲು ಇದ್ದದ್ದು ಅಂಬಾಸಿಡರಿನ 1489 ಸಿಸಿ ಇಂಜಿನ್ ಮತ್ತು ನಾಲ್ಕು ಗೇರು. ಅಷ್ಟು ದೊಡ್ಡ ಮೈಗೆ ಅದು ಸಾಲಲಿಲ್ಲ. ಆಮೇಲೆ ಇಸುಜು 1.8 ಲೀಟರ್ ಪೆಟ್ರೋಲ್ ಇಂಜಿನ್ ಬಂತು, ಜೊತೆಗೆ ಐದು ಗೇರು ಬಂದವು. 1990ರ ದಶಕದಲ್ಲಿ ಅಂಬಾಸಿಡರ್ 1800 ಐಎಸ್‌ಝಡ್‌ಗೂ ಅದೇ ಜೋಡಿ ಸಿಕ್ಕಿತು. ಗಮನಿಸಿ: ಅವರು ಹಳೆಯ ಇಂಜಿನ್ನಿಗೆ ಹೊಸ ಬಾಕ್ಸ್ ಅಂಟಿಸಲಿಲ್ಲ. ಇಂಜಿನ್, ಕ್ಲಚ್, ಬೆಲ್ ಹೌಸಿಂಗ್, ಬಾಕ್ಸ್ ಎಲ್ಲವನ್ನೂ ಒಂದೇ ಸೆಟ್ಟಾಗಿ ತಂದರು. ನಾವು ಬರೀ ಬಾಕ್ಸ್ ಬದಲಿಸುತ್ತೇವೆ ಎಂದರೆ ಅವರು ತಪ್ಪಿಸಿಕೊಂಡ ತಲೆನೋವನ್ನು ಕೈಯಾರೆ ಕರೆದುಕೊಂಡ ಹಾಗೆ.

ಮೊದಲು ಲೆಕ್ಕ, ಆಮೇಲೆ ಪಾನಾ

ನಾಲ್ಕು ಗೇರಿನ ಹಳೆಯ ಬಾಕ್ಸಿನಲ್ಲಿ ನಾಲ್ಕನೆಯದು ನೇರ ಗೇರು. ಇಂಜಿನ್ ಒಂದು ಸುತ್ತು ತಿರುಗಿದರೆ ಪ್ರೊಪೆಲ್ಲರ್ ಶಾಫ್ಟೂ ಒಂದೇ ಸುತ್ತು. ಐದು ಗೇರಿನ ಬಾಕ್ಸಿನಲ್ಲೂ ಸಾಮಾನ್ಯವಾಗಿ ನಾಲ್ಕನೆಯದೇ ನೇರ ಗೇರು. ಐದನೆಯದರಲ್ಲಿ ಇಂಜಿನ್ ಸುಮಾರು 0.8 ಸುತ್ತು ತಿರುಗುವಷ್ಟರಲ್ಲಿ ಶಾಫ್ಟ್ ಒಂದು ಸುತ್ತು ಮುಗಿಸುತ್ತದೆ. ಲಾಭ ಅಷ್ಟೇ, ಇಂಜಿನ್ನಿನ ಸುತ್ತು ಐದರಲ್ಲೊಂದು ಪಾಲು ಕಡಿಮೆ. ಅದರಿಂದ ಕಾರಿಗೆ ಹೊಸ ಶಕ್ತಿ ಬರುವುದಿಲ್ಲ.

ಅಂಕಿ ಹಾಕಿ ನೋಡೋಣ. ಎಂಜಿಬಿಯ ಹಿಂದಿನ ಆ್ಯಕ್ಸಲ್ ಅನುಪಾತ 3.909. ಟೈರು ಒಂದು ಸುತ್ತಿಗೆ ಸುಮಾರು 1.9 ಮೀಟರ್ ಉರುಳುತ್ತದೆ. ಗಂಟೆಗೆ 80 ಕಿಲೋಮೀಟರ್ ಎಂದರೆ ನಿಮಿಷಕ್ಕೆ 1,333 ಮೀಟರ್, ಅಂದರೆ ಚಕ್ರಕ್ಕೆ 702 ಸುತ್ತು. ಅದನ್ನು 3.909ರಿಂದ ಗುಣಿಸಿದರೆ ನಾಲ್ಕನೇ ಗೇರಿನಲ್ಲಿ ಇಂಜಿನ್ ಸುಮಾರು 2,740 ಸುತ್ತು. ಅನುಪಾತ 0.82 ಇರುವ ಐದನೇ ಗೇರು ಹಾಕಿದರೆ 2,250. ನೂರರ ವೇಗದಲ್ಲಿ 3,430 ಇದ್ದದ್ದು 2,810ಕ್ಕೆ ಇಳಿಯುತ್ತದೆ. ಪಕ್ಕದ ಸೀಟಿನವರ ಜೊತೆ ಮಾತಾಡಲು ಕೂಗಬೇಕಾಗಿಲ್ಲ ಎನ್ನುವ ಮಟ್ಟಿಗೆ ಈ ವ್ಯತ್ಯಾಸ ಕಿವಿಗೆ ಗೊತ್ತಾಗುತ್ತದೆ.

ಹೆರಾಲ್ಡಿನ ಕತೆ ಬೇರೆ. ಇಂಗ್ಲೆಂಡಿನ 948 ಸಿಸಿ ಹೆರಾಲ್ಡಿನ ಆ್ಯಕ್ಸಲ್ ಅನುಪಾತ 4.875, ಟೈರು ಚಿಕ್ಕದು. ಎಂಬತ್ತರಲ್ಲೇ ಇಂಜಿನ್ ಸುಮಾರು 3,700 ಸುತ್ತು ಹೊಡೆಯುತ್ತದೆ. ಇಂಥ ಕಾರಿದ್ದವರಿಗೆ ಕೆಲವರು ಕೊಡುವ ಸಲಹೆ, ಗೇರ್‌ಬಾಕ್ಸ್ ಮುಟ್ಟಬೇಡಿ, ಸ್ಪಿಟ್‌ಫೈರಿನ 3.89 ಡಿಫರೆನ್ಷಿಯಲ್ ಹಾಕಿ ಎಂದು. ಸುತ್ತು 3,000ದ ಆಸುಪಾಸಿಗೆ ಇಳಿಯುವುದು ನಿಜ. ಆದರೆ ಡಿಫರೆನ್ಷಿಯಲ್ ಬದಲಿಸಿದರೆ ಬರೀ ಮೇಲಿನ ಗೇರಲ್ಲ, ಎಲ್ಲ ಗೇರುಗಳೂ ಉದ್ದವಾಗುತ್ತವೆ. ನಲವತ್ತು ಅಶ್ವಶಕ್ತಿಯೂ ಇಲ್ಲದ ಇಂಜಿನ್ನಿಗೆ ಅಣಶಿ ಘಟ್ಟದಲ್ಲಿ ಮೊದಲ ಗೇರೇ ಭಾರವಾದರೆ ಗಾಡಿ ನಿಂತಲ್ಲಿಂದ ಏಳುವುದಿಲ್ಲ. ಐದು ಗೇರಿನ ಬಾಕ್ಸಿನ ನಿಜವಾದ ಅನುಕೂಲ ಇರುವುದು ಇಲ್ಲಿ. ಕೆಳಗಿನ ಗೇರುಗಳನ್ನು ಕೆಳಗೇ ಬಿಟ್ಟು ಮೇಲೊಂದನ್ನು ಸೇರಿಸುತ್ತದೆ. ಬಯಲುಸೀಮೆಯಲ್ಲೇ ಓಡಾಡುವವರಿಗೆ ಡಿಫರೆನ್ಷಿಯಲ್ ಸಾಕು. ಉತ್ತರ ಕನ್ನಡದವರಿಗೆ ಬಾಕ್ಸೇ ಸರಿ.

ನಿಮ್ಮ ಕಾರಿನ ಆ್ಯಕ್ಸಲ್ ಅನುಪಾತ ಗೊತ್ತಿಲ್ಲವೇ? ಪುಸ್ತಕದಲ್ಲಿದ್ದದ್ದನ್ನೂ ಪೂರ್ತಿ ನಂಬಬೇಡಿ. ಅರವತ್ತು ವರ್ಷದಲ್ಲಿ ಯಾರೋ ಬೇರೆ ಹೌಸಿಂಗ್ ಹಾಕಿಸಿರಬಹುದು. ಗಾಡಿ ನ್ಯೂಟ್ರಲಿನಲ್ಲಿರಲಿ. ಮುಂದಿನ ಚಕ್ರಗಳಿಗೆ ಎರಡೂ ಕಡೆ ಕಟ್ಟಿಗೆ ಕೊಟ್ಟು, ಹಿಂದಿನ ಒಂದು ಚಕ್ರವನ್ನಷ್ಟೇ ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಬಿಟ್ಟು, ಪ್ರೊಪೆಲ್ಲರ್ ಶಾಫ್ಟಿಗೆ ಸೀಮೆಸುಣ್ಣದ ಗುರುತು ಹಾಕಿ, ಎತ್ತಿದ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ. ಶಾಫ್ಟ್ ಎಷ್ಟು ಸುತ್ತು ತಿರುಗಿತೋ ಅದೇ ಅನುಪಾತ. ನಾಲ್ಕು ಸುತ್ತಿಗೆ ಚೂರು ಕಡಿಮೆ ಎಂದರೆ 3.9, ಐದಕ್ಕೆ ಚೂರು ಕಡಿಮೆ ಎಂದರೆ 4.875.

ಎರಡನೇ ಗೇರನ್ನು ನೋಡಿ ಬಾಕ್ಸ್ ಆರಿಸಿ

ಎಂಜಿಬಿಗೆ ಹಾಕುವ ಬಾಕ್ಸುಗಳಲ್ಲಿ ಹೆಸರಾದವು ಫೋರ್ಡ್ ಸಿಯೆರಾದ ಟೈಪ್ 9 ಮತ್ತು ಮಾಜ್ದಾ ಎಂಎಕ್ಸ್-5ರ ಬಾಕ್ಸ್. ಕೊಳ್ಳುವವರು ಎಲ್ಲರೂ ಕೇಳುವುದು ಐದನೇ ಗೇರಿನ ಅನುಪಾತ. ಎರಡರದ್ದೂ ಹೆಚ್ಚುಕಡಿಮೆ ಒಂದೇ, 0.82 ಮತ್ತು 0.814. ಕೇಳಬೇಕಾದದ್ದು ಮೊದಲ ಎರಡು ಗೇರುಗಳದ್ದು. 1967ರ ನಂತರದ ಎಂಜಿಬಿಯಲ್ಲಿ ಮೊದಲನೆಯದು 3.44, ಎರಡನೆಯದು 2.17. ಟೈಪ್ 9ರಲ್ಲಿ 3.65 ಮತ್ತು 1.97. ಮಾಜ್ದಾದಲ್ಲಿ 3.14 ಮತ್ತು 1.89.

ಅರಬೈಲಿನ ತಿರುವುಗಳಲ್ಲಿ ಕೈ ಹೆಚ್ಚು ಹೊತ್ತು ಇರುವುದು ಎರಡನೇ ಗೇರಿನ ಮೇಲೆ. ಮೂಲ ಬಾಕ್ಸಿನಲ್ಲಿ ಎರಡನೆಯದನ್ನು ಆ್ಯಕ್ಸಲ್ಲಿನಿಂದ ಗುಣಿಸಿದರೆ ಒಟ್ಟು 8.5 ಬರುತ್ತದೆ. ಟೈಪ್ 9 ಹಾಕಿದರೆ 7.7, ಮಾಜ್ದಾ ಹಾಕಿದರೆ 7.4. ಎರಡರಲ್ಲೂ ಎಳೆತ ಒಂಬತ್ತರಿಂದ ಹದಿಮೂರು ಪರ್ಸೆಂಟಿನಷ್ಟು ಇಳಿಯಿತು ಎಂದಾಯಿತು. ಟೈಪ್ 9ರಲ್ಲಿ ಇನ್ನೊಂದು ಕಿರಿಕಿರಿ, ಮೊದಲನೇ ಗೇರಿಗೂ ಎರಡನೆಯದಕ್ಕೂ ನಡುವೆ ದೊಡ್ಡ ಕಂದಕ. ಮೊದಲನೆಯದರಲ್ಲಿ ಇಂಜಿನ್ ಬೊಬ್ಬೆ ಹೊಡೆಯುತ್ತದೆ, ಎರಡಕ್ಕೆ ಹಾಕಿದರೆ ಉಸಿರು ಕಟ್ಟುತ್ತದೆ. ಮಾಜ್ದಾದಲ್ಲಿ ಗೇರು ಬೀಳುವುದು ನಯವಾಗಿ, ಗೇರಿನಿಂದ ಗೇರಿಗೆ ಅಂತರವೂ ಹದವಾಗಿದೆ, ಆದರೆ ಮೊದಲ ಗೇರು ಉದ್ದ. ಏರಿನಲ್ಲಿ ನಿಂತು ಹೊರಡುವಾಗ ಹಾಫ್ ಕ್ಲಚ್ಚಿನಲ್ಲಿ ಹೆಚ್ಚು ಹೊತ್ತು ಹಿಡಿಯಬೇಕು. ಇಬ್ಬರೇ ಕೂರುವ ಹಗುರ ಎಂಜಿಬಿಗೆ ನಾನು ಮಾಜ್ದಾವನ್ನೇ ಹೇಳುತ್ತೇನೆ. ಐದು ಜನ ಮತ್ತು ಡಿಕ್ಕಿ ತುಂಬ ಸಾಮಾನು ಹೊತ್ತು ಯಲ್ಲಾಪುರಕ್ಕೆ ಏರುವ ಅಂಬಾಸಿಡರಿಗೆ ಅದು ಹೇಳಿದ್ದಲ್ಲ.

ವಿದೇಶದಿಂದ ತರಿಸದೆ ಇಲ್ಲೇ ಸಿಗುವವು ಯಾವುವು? ಇಂಜಿನ್ ಉದ್ದಕ್ಕೆ ಕೂತು ಹಿಂದಿನ ಚಕ್ರಕ್ಕೆ ಶಕ್ತಿ ಕೊಡುವ ಐದು ಗೇರಿನ ಗಾಡಿಗಳನ್ನೇ ಹುಡುಕಬೇಕು. ಕಾಂಟೆಸ್ಸಾ ಮತ್ತು ಅಂಬಾಸಿಡರಿನ ಇಸುಜು ಬಾಕ್ಸ್ ಮೊದಲನೆಯದು. 1996ರಲ್ಲಿ ಬಂದ 1298 ಸಿಸಿಯ ಮಾರುತಿ ಜಿಪ್ಸಿ ಕಿಂಗ್‌ನದ್ದು ಇನ್ನೊಂದು. ಅದು ಹಗುರ, ಹಾಗಾಗಿ ಹೆರಾಲ್ಡಿನಂಥ ಸಣ್ಣ ಕಾರಿಗೆ ಯೋಚಿಸಬಹುದು. ಆದರೆ ಜಿಪ್ಸಿಯಲ್ಲಿ ಸ್ಪೀಡೋಮೀಟರ್ ಕೇಬಲ್ ಹೊರಡುವುದು ಹಿಂದೆ ಬೇರೆಯಾಗಿ ಕೂತ ಟ್ರಾನ್ಸ್‌ಫರ್ ಕೇಸಿನಿಂದ, ಬಾಕ್ಸಿನಿಂದಲ್ಲ ಎಂಬುದು ನೆನಪಿರಲಿ. ಕ್ವಾಲಿಸ್, ತವೇರಾ ಬಾಕ್ಸುಗಳು ಗಟ್ಟಿ. ಆದರೆ ದಪ್ಪ, ಭಾರ. ಅವನ್ನು ಕೂರಿಸಲು ಟನೆಲ್ ಕತ್ತರಿಸಬೇಕಾಗುತ್ತದೆ. ಕತ್ತರಿಸಬೇಕಾದ ಬಾಕ್ಸನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಮುಂದೊಂದು ದಿನ ಮೂಲ ಬಾಕ್ಸನ್ನೇ ಮರಳಿ ಕೂರಿಸಬೇಕು ಎನಿಸಿದರೆ ಆಗ ದಾರಿ ಉಳಿದಿರಬೇಕು. ಅದಕ್ಕೇ ಬಿಚ್ಚಿದ ಹಳೆಯ ಬಾಕ್ಸನ್ನು ಗುಜರಿಗೆ ಹಾಕದೆ, ಎಣ್ಣೆ ಸವರಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಟ್ಟದ ಮೇಲಿಡಿ.

ಗುಜರಿಯ ಬಾಕ್ಸ್ ಕೊಳ್ಳುವುದಾದರೆ ಮೇಲಿನ ಮುಚ್ಚಳ ಬಿಚ್ಚಿಸಿ ಹಲ್ಲು ನೋಡಿ. ಇನ್‌ಪುಟ್ ಶಾಫ್ಟನ್ನು ಹಿಡಿದು ಅಲ್ಲಾಡಿಸಿ. ಒಂದೊಂದೇ ಗೇರು ಹಾಕಿ ಕೈಯಲ್ಲೇ ತಿರುಗಿಸಿ ನೋಡಿ. ಅದರ ಜೊತೆಗೇ ಬೆಲ್ ಹೌಸಿಂಗ್, ಕ್ಲಚ್ ಪ್ಲೇಟ್, ಕ್ಲಚ್ ಫೋರ್ಕ್, ಪ್ರೊಪೆಲ್ಲರ್ ಶಾಫ್ಟಿನ ಮುಂಭಾಗದ ಯೋಕ್ ಎಲ್ಲ ಕೇಳಿ ತನ್ನಿ. ಸವೆದ ಕ್ಲಚ್ ಪ್ಲೇಟಾದರೂ ಪರವಾಗಿಲ್ಲ, ಅದರ ನಡುವಿನ ಹಲ್ಲಿನ ಹಬ್ ಬೇಕಾಗುತ್ತದೆ.

ಬಿಚ್ಚುವ ಮೊದಲು ಕೆಳಗೆ ಮಲಗಿ

ಕಾರವಾರದ ಉಪ್ಪುಗಾಳಿಯಲ್ಲಿ ಇದ್ದ ಗಾಡಿಗೆ ಗೇರ್‌ಬಾಕ್ಸಿಗಿಂತ ಮೊದಲು ಆಗಬೇಕಾದದ್ದು ತುಕ್ಕಿನ ತಪಾಸಣೆ. ಸಣ್ಣ ಸುತ್ತಿಗೆ, ಮೊನಚು ಸ್ಕ್ರೂಡ್ರೈವರ್ ಹಿಡಿದು ಬಾಕ್ಸಿನ ಕ್ರಾಸ್‌ಮೆಂಬರ್ ಬೋಲ್ಟ್ ಆಗುವ ಜಾಗವನ್ನು ಬಡಿದು ನೋಡಿ. ಟಣ್ ಎಂದರೆ ಗಟ್ಟಿ, ಡಬ್ ಎಂದರೆ ಒಳಗೆ ಟೊಳ್ಳು. ಎಂಜಿಬಿಗೆ ಬೇರೆ ಚಾಸಿ ಇಲ್ಲ, ಮೈಯೇ ಚಾಸಿ. ಅಲ್ಲಿ ತುಕ್ಕು ಹಿಡಿದರೆ ಮೊದಲು ಅದನ್ನೇ ರಿಪೇರಿ ಮಾಡಿಸಬೇಕು, ಬಾಕ್ಸಿನ ದುಡ್ಡು ಅಲ್ಲಿಗೇ ಖರ್ಚಾದರೂ ಸರಿ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕದಿರುವುದು ಒಳ್ಳೆಯದು. ಬಿಚ್ಚಿಟ್ಟ ಫ್ಲೈವೀಲಿನ ಮುಖಕ್ಕೆ ಇಲ್ಲಿಯ ಜೂನ್ ತಿಂಗಳ ಗಾಳಿಯಲ್ಲಿ ರಾತ್ರಿ ಬೆಳಗಾಗುವಷ್ಟರಲ್ಲಿ ಕೆಂಪು ಬಣ್ಣ ಬರುತ್ತದೆ.

ಬಿಚ್ಚುವ ವಿಧಾನ ಕಾರಿನಿಂದ ಕಾರಿಗೆ ಬೇರೆ. ಎಂಜಿಬಿಯಲ್ಲಿ ಇಂಜಿನ್ನೂ ಬಾಕ್ಸೂ ಒಟ್ಟಿಗೇ ಬಾನೆಟ್ಟಿನ ಕಡೆಯಿಂದ ಮೇಲೆ ಬರಬೇಕು. ಚೈನ್ ಪುಲ್ಲಿ ಬೇಕೇ ಬೇಕು. ಹೆರಾಲ್ಡ್ ಈ ವಿಷಯದಲ್ಲಿ ಪುಣ್ಯವಂತ ಗಾಡಿ. ಒಳಗಿನ ಟನೆಲ್ ಮುಚ್ಚಳ ಬಿಚ್ಚಿದರೆ ಬಾಕ್ಸ್ ಸೀಟಿನ ಕಡೆಯಿಂದಲೇ ಹೊರಬರುತ್ತದೆ. ಕೆಳಗೆ ಮಲಗಿ ಮಾಡುವ ಯಾವ ಕೆಲಸವಾದರೂ ಗಾಡಿ ಸ್ಟ್ಯಾಂಡಿನ ಮೇಲಿರಲಿ. ಜಾಕಿಯ ಭರವಸೆಯಲ್ಲಿ ಅದರಡಿ ತಲೆ ಹಾಕಬೇಡಿ.

ನಡುವೆ ಕೂಡಿತೋ ಇಲ್ಲವೋ

ಹಳೆಯ ಇಂಜಿನ್ನಿಗೂ ಹೊಸ ಬಾಕ್ಸಿಗೂ ಬೋಲ್ಟಿನ ರಂಧ್ರಗಳು ಕೂಡುವುದಿಲ್ಲ. ಅದಕ್ಕೆ ಎರಡು ದಾರಿ. ಒಂದು, ಹೊಸ ಬೆಲ್ ಹೌಸಿಂಗ್. ಇಂಗ್ಲೆಂಡಿನ ಕಿಟ್ಟುಗಳಲ್ಲಿ ಅಲ್ಯುಮಿನಿಯಮ್ಮಿನಲ್ಲಿ ಎರಕ ಹೊಯ್ದದ್ದು ಬರುತ್ತದೆ. ಎರಡು, ನಡುವೆ ಒಂದು ಅಡಾಪ್ಟರ್ ಪ್ಲೇಟು. ನಮ್ಮಲ್ಲಿ ನಡೆಯುವುದು ಹೆಚ್ಚಾಗಿ ಇದೇ. ಹುಬ್ಬಳ್ಳಿ, ಬೆಳಗಾವಿಯ ಲೇತ್ ಅಂಗಡಿಗಳಿಗೆ ಪ್ಲೇಟು ಕೊರೆಯುವುದು ದೊಡ್ಡ ವಿಷಯವೇ ಅಲ್ಲ. ಹುಬ್ಬಳ್ಳಿಯ ಲೇತಿನ ಮೇಸ್ತ್ರಿಯೊಬ್ಬರನ್ನು "ಇದಕ್ಕೆ ಈ ಬಾಕ್ಸ್ ಕೂಡುತ್ತದೆಯೇ" ಎಂದು ಕೇಳಿದಾಗ ಬಂದ ಉತ್ತರ: "ಕೂಡೂದೇನ್ರೀ ಸರ, ಕೂಡ್ತೈತಿ. ನಡುವ ಕೂಡ್ತೈತೋ ಇಲ್ಲೋ ಅದನ್ನ ಕೇಳ್ರಿ."

ಈ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇಲ್ಲ. ಇಂಜಿನ್ನಿನ ಕ್ರ್ಯಾಂಕ್‌ಶಾಫ್ಟ್ ತಿರುಗುವ ನಡುಗೆರೆಯೂ ಬಾಕ್ಸಿನ ಇನ್‌ಪುಟ್ ಶಾಫ್ಟ್ ತಿರುಗುವ ನಡುಗೆರೆಯೂ ಒಂದೇ ಆಗಿರಬೇಕು. ಕೂದಲೆಳೆಯಷ್ಟು ಆಚೀಚೆಯಾದರೂ ಮೊದಲ ದಿನ ಏನೂ ಗೊತ್ತಾಗುವುದಿಲ್ಲ. ಗಾಡಿ ಚೆನ್ನಾಗಿಯೇ ಓಡುತ್ತದೆ. ಕೆಲವು ತಿಂಗಳ ಮೇಲೆ ಗೇರು ತಾನಾಗಿ ಹಾರುತ್ತದೆ, ಬೇರಿಂಗ್ ಸದ್ದು ಮಾಡುತ್ತದೆ, ಪೈಲಟ್ ಬುಷ್ ಅಂಡಾಕಾರಕ್ಕೆ ತಿರುಗುತ್ತದೆ, ಕ್ಲಚ್ ಪ್ಲೇಟಿನ ಹಬ್ ಒಡೆಯುತ್ತದೆ. ಎಲ್ಲರೂ ಬಾಕ್ಸನ್ನು ಬೈಯುತ್ತಾರೆ.

ಇದನ್ನು ಅಳೆಯಲು ಬೇಕಾದದ್ದು ಮ್ಯಾಗ್ನೆಟ್ ಸ್ಟ್ಯಾಂಡಿನ ಒಂದು ಡಯಲ್ ಗೇಜ್ ಮತ್ತು ಒಂದು ಶಾಂತ ಮಧ್ಯಾಹ್ನ. ಕಾರವಾರ ತಾಲೂಕಿನವರಿಗೆ ಇಲ್ಲೊಂದು ಅನುಕೂಲ ಇದೆ. ಕೈಗಾದ ಅಣುವಿದ್ಯುತ್ ಸ್ಥಾವರದಲ್ಲಿ 220 ಮೆಗಾವಾಟಿನ ನಾಲ್ಕು ಘಟಕಗಳಿವೆ. ಮೊದಲ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ನಿಲ್ಲದೆ ಓಡಿ ವಿಶ್ವದಾಖಲೆ ಮಾಡಿತು. ಅಂಥ ಸ್ಥಾವರದಲ್ಲಿ ಪಂಪಿನ ಶಾಫ್ಟು ಮೋಟರಿನ ಶಾಫ್ಟಿಗೆ ಸೇರುವಲ್ಲಿ ಡಯಲ್ ಗೇಜ್ ಇಟ್ಟು, ತೆಳು ಶಿಮ್ ಸೇರಿಸಿ ತೆಗೆದು ಅಲೈನ್‌ಮೆಂಟ್ ಮಾಡುವುದು ಫಿಟ್ಟರ್‌ಗಳ ಕೈಗೆ ಅಭ್ಯಾಸವಾದ ಕೆಲಸ. ಹೀಗೆ ಕೆಲಸ ಮಾಡಿ ನಿವೃತ್ತರಾದ ಫಿಟ್ಟರೊಬ್ಬರ ಪರಿಚಯ ನಿಮಗಿದ್ದರೆ ಕಾರಿನ ಬಗ್ಗೆ ಅವರಿಗೆ ಏನೂ ಗೊತ್ತಿಲ್ಲದಿದ್ದರೂ ಚಹಾಕ್ಕೆ ಕರೆಯಿರಿ. ಕೆಲಸ ಒಂದೇ.

ವಿಧಾನ ಹೀಗೆ. ಕ್ಲಚ್ ತೆಗೆದು, ಡಯಲ್ ಗೇಜಿನ ಸ್ಟ್ಯಾಂಡನ್ನು ಫ್ಲೈವೀಲಿಗೆ ಕಚ್ಚಿಸಿ. ಬೆಲ್ ಹೌಸಿಂಗನ್ನು, ಪ್ಲೇಟ್ ಇದ್ದರೆ ಪ್ಲೇಟಿನ ಸಮೇತ, ಎಲ್ಲ ಬೋಲ್ಟ್ ಹಾಕಿ ಬಿಗಿ ಮಾಡಿ. ಬಾಕ್ಸಿನ ಮೂತಿ ಕೂರುವ ದುಂಡನೆಯ ರಂಧ್ರದ ಒಳಗೋಡೆಗೆ ಗೇಜಿನ ಕಡ್ಡಿ ತಾಗಲಿ. ಸ್ಪಾರ್ಕ್ ಪ್ಲಗ್ ತೆಗೆದು ಇಂಜಿನ್ನನ್ನು ಪಾನಾ ಹಾಕಿ ಕೈಯಲ್ಲಿ ಮೆಲ್ಲಗೆ ಒಂದು ಸುತ್ತು ತಿರುಗಿಸಿ. ಗೇಜಿನ ಒಂದೊಂದು ಗೀಟು 0.01 ಮಿಲಿಮೀಟರ್. ಮುಳ್ಳು ಒಂದು ತುದಿಯಿಂದ ಇನ್ನೊಂದು ತುದಿಗೆ 25 ಗೀಟಿನೊಳಗೆ ಓಡಾಡಿದರೆ ನಡುಗೆರೆಗಳ ಅಂತರ ಅದರ ಅರ್ಧ, ಅಂದರೆ ಎಂಟನೇ ಒಂದು ಮಿಲಿಮೀಟರ್. ಅಷ್ಟರವರೆಗೆ ಸರಿ. ನಲವತ್ತು ಗೀಟು ಓಡಾಡಿತು ಎನ್ನಿ, ಬೆಲ್ 0.2 ಮಿಲಿಮೀಟರ್ ಜಾರಿದೆ. ಯಾವ ಕಡೆಗೆ? ಮೇಲ್ಗಡೆ ಗೋಡೆ ಹತ್ತಿರ ಬಂದು ಕಡ್ಡಿ ಒಳಗೆ ಒತ್ತಿದರೆ ಬೆಲ್ ಕೆಳಗಿಳಿದಿದೆ ಎಂದರ್ಥ, ಅಷ್ಟು ಮೇಲೆತ್ತಬೇಕು. ಇಂಜಿನ್ನಿನ ಹಿಂಭಾಗದಲ್ಲಿ ಬೆಲ್ಲನ್ನು ಜಾಗದಲ್ಲಿ ಹಿಡಿಯುವ ಎರಡು ಡೋವೆಲ್ ಪಿನ್‌ಗಳಿರುತ್ತವಲ್ಲ, ಅವುಗಳ ಬದಲು ಅರ್ಧ ಭಾಗ 0.2 ಮಿಲಿಮೀಟರ್ ಪಕ್ಕಕ್ಕೆ ಸರಿದಂತೆ ತಿರುವಿದ ಪಿನ್ ಮಾಡಿಸಿ ಹಾಕಿ. ಮತ್ತೆ ಅಳೆಯಿರಿ. ಅದೇ ಹೊತ್ತಿಗೆ ಗೇಜಿನ ಕಡ್ಡಿಯನ್ನು ಬೆಲ್ಲಿನ ಹಿಂದಿನ ಮುಖಕ್ಕೆ ತಾಗಿಸಿ ಇನ್ನೊಂದು ಸುತ್ತು ನೋಡಿ. ಬಾಕ್ಸ್ ನಡುವೆ ಕೂತೂ ಓರೆಯಾಗಿರಬಹುದು. ಓರೆ ಬಂದರೆ ಪ್ಲೇಟು ಮಾಡಿದವರನ್ನು ಬೈಯುವ ಮುನ್ನ ಮುಖದ ಮೇಲಿನ ಹಳೆಯ ಪೇಂಟು, ಸಿಬಿರು ಉಜ್ಜಿ ತೆಗೆಯಿರಿ. ಅರ್ಧಕ್ಕರ್ಧ ಸಲ ಅಲ್ಲಿಗೇ ಸರಿಹೋಗುತ್ತದೆ.

ಇಂಜಿನ್ ಗಾಡಿಯಲ್ಲಿ ಕೂತ ಮೇಲೆ ಇದು ಬಲು ಕಷ್ಟದ ಕೆಲಸ. ಪ್ಲೇಟ್ ಬಂದ ದಿನವೇ, ಇಂಜಿನ್ ನೆಲದ ಮೇಲಿದ್ದಾಗಲೇ ಅಳೆದು ಮುಗಿಸಿ.

ಮುಂದಿನದು ಉದ್ದದ ಲೆಕ್ಕ. ಅಡಾಪ್ಟರ್ ಪ್ಲೇಟ್ ಎಷ್ಟು ದಪ್ಪವೋ ಅಷ್ಟೇ ಬಾಕ್ಸ್ ಹಿಂದೆ ಸರಿಯುತ್ತದೆ, ಇನ್‌ಪುಟ್ ಶಾಫ್ಟಿನ ಮೂತಿ ಕ್ರ್ಯಾಂಕಿನ ತುದಿಯ ಪೈಲಟ್ ಬುಷ್ಷಿನಿಂದ ಅಷ್ಟೇ ಹೊರಬರುತ್ತದೆ. ಮೂತಿಯ ದಪ್ಪವೂ ಬೇರೆ ಇರುತ್ತದೆ, ಹಾಗಾಗಿ ಬುಷ್ ಹೊಸದಾಗಿ ಮಾಡಿಸಲೇಬೇಕು. ಎಣ್ಣೆ ಹೀರುವ ಕಂಚಿನ ಬುಷ್ ಮಾಡಿಸಿ, ಹಾಕುವ ಹಿಂದಿನ ರಾತ್ರಿ ಇಂಜಿನ್ ಆಯಿಲಿನಲ್ಲಿ ಮುಳುಗಿಸಿಡಿ. ಮೂತಿ ಬುಷ್ಷಿನೊಳಗೆ ಸಾಕಷ್ಟು ಹೋಗಬೇಕು, ಆದರೆ ರಂಧ್ರದ ತಳಕ್ಕೆ ತಾಗಬಾರದು. ಇದನ್ನು ನೋಡಲು ಸುಲಭದ ಉಪಾಯ, ರಂಧ್ರದ ತಳಕ್ಕೆ ಮಕ್ಕಳು ಆಡುವ ಜೇಡಿಯ ಒಂದು ಉಂಡೆ ಒತ್ತಿ, ಬಾಕ್ಸನ್ನು ಒಮ್ಮೆ ಕೂರಿಸಿ ತೆಗೆಯಿರಿ. ಉಂಡೆ ಎಷ್ಟು ತೆಳುವಾಗಿ ಉಳಿದಿದೆಯೋ ಅಷ್ಟೇ ನಿಮಗಿರುವ ಜಾಗ. ನಾಲ್ಕೈದು ಮಿಲಿಮೀಟರ್ ಉಳಿದರೆ ನಿಶ್ಚಿಂತೆ. ಜೇಡಿಯನ್ನು ತೆಗೆದು ಸ್ವಚ್ಛ ಮಾಡುವುದನ್ನು ಮರೆಯಬೇಡಿ.

ಕ್ಲಚ್ಚಿನಲ್ಲಿ ಮಿಶ್ರ ಮದುವೆ. ಪ್ಲೇಟಿನ ಹೊರ ಅಳತೆ ಹಳೆಯ ಫ್ಲೈವೀಲಿಗೆ ಹೊಂದಬೇಕು, ಒಳಗಿನ ಹಲ್ಲು ಹೊಸ ಶಾಫ್ಟಿಗೆ ಹೊಂದಬೇಕು. ಹಳೆಯ ಪ್ಲೇಟಿಗೆ ಹೊಸ ಬಾಕ್ಸಿನ ಹಬ್ ರಿವೆಟ್ ಮಾಡಿಕೊಡುವವರಿದ್ದಾರೆ. ಗುಜರಿಯಿಂದ ಪ್ಲೇಟೂ ತನ್ನಿ ಎಂದದ್ದು ಇದಕ್ಕೇ. ಹಳೆಯ ಬಿಎಂಸಿ ಗಾಡಿಗಳ ಕಾರ್ಬನ್ ರಿಲೀಸ್ ಬೇರಿಂಗ್ ಬದಲು ಗುಂಡಿನ ಬೇರಿಂಗ್ ಹಾಕುವುದಾದರೆ ಪ್ರೆಷರ್ ಪ್ಲೇಟಿನ ಬೆರಳುಗಳೊಂದಿಗೆ ಅದು ಸರಿಯಾದ ಜಾಗದಲ್ಲಿ ತಾಗುತ್ತದೆಯೇ ನೋಡಿಕೊಳ್ಳಿ.

ಬಾಕ್ಸನ್ನು ಕೂರಿಸುವಾಗ ಕೊನೆಯ ಒಂದು ಸೆಂಟಿಮೀಟರ್ ಕೈಯಿಂದ ಮುಚ್ಚದಿದ್ದರೆ ಬೋಲ್ಟ್ ಹಾಕಿ ಎಳೆಯಬೇಡಿ. ಕ್ಲಚ್ ಪ್ಲೇಟ್ ನಡುವೆ ಇಲ್ಲ, ಇಲ್ಲವೇ ಮೂತಿ ತಳಕ್ಕೆ ತಾಗಿದೆ. ಬೋಲ್ಟಿನಿಂದ ಎಳೆದರೆ ಕೂರುತ್ತದೆ, ಕೂತ ಮೇಲೆ ಕ್ರ್ಯಾಂಕಿನ ಥ್ರಸ್ಟ್ ವಾಷರುಗಳು ಹೋಗುತ್ತವೆ. ಅಷ್ಟಕ್ಕೆ ಇಡೀ ಇಂಜಿನ್ ಬಿಚ್ಚಬೇಕಾಗುತ್ತದೆ.

ಹಿಂದಿನ ಅರ್ಧ

ಪ್ರೊಪೆಲ್ಲರ್ ಶಾಫ್ಟ್ ಉದ್ದವಾಗಬೇಕು ಅಥವಾ ಗಿಡ್ಡವಾಗಬೇಕು. ಹೊಸ ಬಾಕ್ಸ್ ಮೌಂಟಿನ ಮೇಲೆ ಪೂರ್ತಿ ಕೂತು, ನಾಲ್ಕೂ ಚಕ್ರ ನೆಲದ ಮೇಲಿರುವಾಗ ಅಳತೆ ತೆಗೆಯಿರಿ. ಜಾರುವ ಯೋಕ್ ಎರಡು ಸೆಂಟಿಮೀಟರಿನಷ್ಟು ಮುಂದಕ್ಕೆ ಹೋಗಲು ಜಾಗ ಬಿಟ್ಟಿರಬೇಕು, ಹೊಂಡಕ್ಕೆ ಬಿದ್ದಾಗ ಆ್ಯಕ್ಸಲ್ ಶಾಫ್ಟನ್ನು ಒಳಗೆ ದೂಡುತ್ತದೆ. ವೆಲ್ಡ್ ಮಾಡುವಾಗ ಎರಡೂ ತುದಿಯ ಯೋಕ್‌ಗಳು ಒಂದೇ ಸಾಲಿನಲ್ಲಿರಬೇಕು. ತಪ್ಪಿದರೆ ಎಷ್ಟು ಬ್ಯಾಲೆನ್ಸ್ ಮಾಡಿಸಿದರೂ ನಡುಕ ನಿಲ್ಲುವುದಿಲ್ಲ. ಬಾಕ್ಸಿನ ಬಾಲವೂ ಡಿಫರೆನ್ಷಿಯಲ್ಲಿನ ಮೂತಿಯೂ ಸಮಾನಾಂತರವಾಗಿದ್ದು, ಯುಜೆ ಕ್ರಾಸ್‌ಗಳಲ್ಲಿ ಒಂದರಿಂದ ಮೂರು ಡಿಗ್ರಿ ಕೋನ ಇರಲಿ. ಮೊಬೈಲಿನಲ್ಲಿ ಕೋನ ತೋರಿಸುವ ಆ್ಯಪ್ ಸಾಕು. ಕೋನ ಪೂರ್ತಿ ಸೊನ್ನೆ ಮಾಡುವುದೂ ತಪ್ಪು, ಕ್ರಾಸಿನೊಳಗಿನ ಸೂಜಿ ಬೇರಿಂಗ್ ಉರುಳದೆ ಒಂದೇ ಕಡೆ ಕುಟ್ಟಿಕೊಂಡು ಗೀರು ಬೀಳುತ್ತದೆ.

ಮೌಂಟ್ ರಬ್ಬರಿನದೇ ಇರಲಿ, ಕಬ್ಬಿಣದ ಪಟ್ಟಿ ವೆಲ್ಡ್ ಮಾಡಿಸಬೇಡಿ. ರಬ್ಬರಿನ ಮೇಲೆ ಕೂತ ಇಂಜಿನ್ನಿಗೆ ಅರ್ಥಿಂಗ್ ಪಟ್ಟಿ ಬೇಕು. ಹಳೆಯ ಬಾಕ್ಸಿಗಿದ್ದ ಪಟ್ಟಿಯನ್ನು ಮರೆತರೆ ಸ್ಟಾರ್ಟರಿನ ಕರೆಂಟ್ ಆಕ್ಸಿಲರೇಟರ್ ಕೇಬಲಿನ ಮೂಲಕ ದಾರಿ ಹುಡುಕುತ್ತದೆ, ಕೇಬಲ್ ಹೊಗೆಯಾಡುತ್ತದೆ. ರಿವರ್ಸ್ ಲೈಟಿನ ಸ್ವಿಚ್ಚಿಗೆ ವೈರ್ ಎಳೆಯಿರಿ.

ಸ್ಪೀಡೋಮೀಟರ್ ಸುಳ್ಳು ಹೇಳುತ್ತದೆ. ಸ್ಮಿತ್ಸ್ ಕಂಪನಿಯ ಹಳೆಯ ಡಯಲ್‌ಗಳ ಕೆಳಭಾಗದಲ್ಲಿ 1280 ತರಹದ ಒಂದು ಸಣ್ಣ ಅಂಕಿ ಇರುತ್ತದೆ. ಒಂದು ಮೈಲಿಗೆ ಕೇಬಲ್ ಅಷ್ಟು ಸುತ್ತು ತಿರುಗಬೇಕು ಎಂಬ ಲೆಕ್ಕ ಅದು. ಹೊಸ ಬಾಕ್ಸಿನ ಕೇಬಲ್ ಗೇರು ಬೇರೆ ಲೆಕ್ಕದ್ದು. ಮೊಬೈಲಿನ ಜಿಪಿಎಸ್ ಜೊತೆ ಹೋಲಿಸಿ, ಎಷ್ಟು ತಪ್ಪು ತೋರಿಸುತ್ತದೆ ಎಂದು ಬರೆದುಕೊಂಡು ಮೀಟರ್ ರಿಪೇರಿಯವರಿಗೆ ಕೊಡಿ.

ಎಣ್ಣೆಯ ವಿಷಯದಲ್ಲಿ ಹಳೆಯ ಚಟ ಬಿಡಬೇಕು. ಬಿ-ಸೀರೀಸ್ ಎಂಜಿಬಿಯ ಮೂಲ ಬಾಕ್ಸಿಗೆ ಹಾಕುತ್ತಿದ್ದದ್ದು ಇಂಜಿನ್ ಆಯಿಲ್ಲೇ. ಅದೇ ಕ್ಯಾನಿನಿಂದ ಹೊಸ ಬಾಕ್ಸಿಗೂ ಸುರಿಯಬೇಡಿ. ಗೇರ್ ಆಯಿಲ್ ತರುವಾಗಲೂ ಬಾಕ್ಸ್ ತಯಾರಕರು ಜಿಎಲ್-4 ಎಂದಿದ್ದರೆ ಜಿಎಲ್-4ನ್ನೇ ತನ್ನಿ. ಕೆಲವು ಜಿಎಲ್-5 ಎಣ್ಣೆಗಳಲ್ಲಿರುವ ಗಂಧಕದ ಸೇರ್ಪಡೆಗಳು ಹಿತ್ತಾಳೆಯ ಸಿಂಕ್ರೋ ರಿಂಗುಗಳನ್ನು ತಿನ್ನುತ್ತವೆ.

ಕಾಗದಪತ್ರ

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ತಯಾರಕರು ಮೂಲದಲ್ಲಿ ಕೊಟ್ಟ, ನೋಂದಣಿ ಪತ್ರದಲ್ಲಿ ದಾಖಲಾದ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿಯಾಗಿ ಹೇಳಿತು. ಆರ್‌ಸಿ ಪುಸ್ತಕದಲ್ಲಿ ಇಂಜಿನ್ ನಂಬರ್, ಚಾಸಿ ನಂಬರ್, ಸಿಸಿ, ಇಂಧನ, ಬಣ್ಣ, ಸೀಟುಗಳ ವಿವರ ಇರುತ್ತದೆ, ಗೇರುಗಳ ಸಂಖ್ಯೆ ಇರುವುದಿಲ್ಲ. ಆದರೂ ಚಾಸಿಗೆ ಕೈ ಹಾಕುವುದಿದ್ದರೆ, ಇಂಜಿನ್ ಬದಲಿಸುವುದಿದ್ದರೆ, ಕೆಲಸಕ್ಕೆ ಮೊದಲೇ ಕಾರವಾರದ ಸಾರಿಗೆ ಕಚೇರಿಯಲ್ಲಿ ಲಿಖಿತವಾಗಿ ಕೇಳಿ. ಕಾಂಟೆಸ್ಸಾದ 1489 ಸಿಸಿ ತೆಗೆದು ಇಸುಜು ಸೆಟ್ ಹಾಕುವವರಿಗೆ ಇದು ಕಡ್ಡಾಯ. ಬಾಕ್ಸಿನ ಬಿಲ್ಲು, ಲೇತ್ ಬಿಲ್ಲು ಎಲ್ಲ ಫೈಲಿನಲ್ಲಿರಲಿ, ವಿಮಾ ಕಂಪನಿಗೂ ಒಂದು ಪತ್ರ ಹೋಗಲಿ.

ಐವತ್ತು ವರ್ಷ ದಾಟಿದ ಹೆರಾಲ್ಡ್, ಎಂಜಿಬಿ ಇದ್ದವರು ಇನ್ನೊಂದನ್ನು ಯೋಚಿಸಬೇಕು. 2021ರಲ್ಲಿ ಬಂದ ವಿಂಟೇಜ್ ವಾಹನ ನಿಯಮದಂತೆ ಚಾಸಿ, ಮೈ, ಇಂಜಿನ್ನುಗಳಲ್ಲಿ ಹೆಚ್ಚಿನ ಮಾರ್ಪಾಡಿಲ್ಲದ ಗಾಡಿಗೆ ವಿಎ ಸರಣಿಯ ನಂಬರ್ ಸಿಗುತ್ತದೆ. ಆದರೆ ಹಾಗೆ ನೋಂದಾಯಿಸಿದ ಕಾರನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನದಂಥ ಸಂದರ್ಭಕ್ಕಷ್ಟೇ ಹೊರಬರುವ ಕಾರಿಗೆ ಐದನೇ ಗೇರು ಏಕೆ? ಓಡಿಸುವುದೋ ಜೋಪಾನವಾಗಿಡುವುದೋ ಎಂದು ಮೊದಲು ತೀರ್ಮಾನಿಸಿ.

ಮೊದಲ ಓಟ

ಮೊದಲ ದಿನವೇ ಹೆದ್ದಾರಿಗೆ ಹೋಗಬೇಡಿ. ಮಲ್ಲಾಪುರ, ಕದ್ರಾ ಕಡೆ ಕಾಳಿ ನದಿಯ ಬದಿಯಲ್ಲಿ ಕೈಗಾಕ್ಕೆ ಹೋಗುವ ರಸ್ತೆ ಇದಕ್ಕೆ ಹೇಳಿ ಮಾಡಿಸಿದ್ದು. ತಿರುವು ಹೆಚ್ಚು, ವೇಗ ಕಡಿಮೆ, ಮೊದಲ ನಾಲ್ಕು ಗೇರುಗಳಿಗೆ ಚೆನ್ನಾಗಿ ಕೆಲಸ. ಅಲ್ಲಿ ಐದನೆಯದನ್ನು ಮುಟ್ಟಬೇಕಾಗಿಯೇ ಇಲ್ಲ. ನಲವತ್ತರ ವೇಗದಲ್ಲಿ ಐದಕ್ಕೆ ಹಾಕಿ ಇಂಜಿನ್ನನ್ನು ಗೊರಗೊರ ಎನಿಸುವುದು ಹೊಸ ಗೇರು ಸಿಕ್ಕಿದವರೆಲ್ಲ ಮಾಡುವ ಅಭ್ಯಾಸ. ಎಂಜಿಬಿಯಲ್ಲಿ ಅರವತ್ತೈದು ದಾಟುವವರೆಗೆ ನಾಲ್ಕರಲ್ಲೇ ಇರಿ. ಏರು ಬಂದೊಡನೆ ಇಳಿಸಿ. ಇಳಿಜಾರಿನಲ್ಲಿ ಐದನೆಯದು ಬ್ರೇಕಿಗೆ ಏನೂ ಸಹಾಯ ಮಾಡುವುದಿಲ್ಲ. ಅರಬೈಲ್ ಇಳಿಯುವಾಗ ಹತ್ತುವ ಗೇರಿನಲ್ಲೇ ಇಳಿಯಿರಿ.

ಐನೂರು ಕಿಲೋಮೀಟರ್ ಆದ ಮೇಲೆ ಬಾಕ್ಸಿನ ಎಣ್ಣೆಯನ್ನು ಬಿಸಿಯಿದ್ದಾಗಲೇ ಬಿಳಿ ಬೇಸಿನ್ನಿಗೆ ಇಳಿಸಿ ಬಿಸಿಲಿನಲ್ಲಿ ನೋಡಿ. ಹಿತ್ತಾಳೆ ಬಣ್ಣದ ಮಿನುಗು ಸ್ವಲ್ಪ ಇದ್ದರೆ ಸಿಂಕ್ರೋ ರಿಂಗುಗಳು ಒಗ್ಗಿಕೊಳ್ಳುತ್ತಿವೆ, ಗಾಬರಿ ಬೇಡ. ಡ್ರೈನ್ ಪ್ಲಗ್ಗಿಗೆ ಮ್ಯಾಗ್ನೆಟ್ ಇದ್ದರೆ ಅದರ ಮೇಲಿನ ನುಣ್ಣನೆಯ ಕಪ್ಪು ಕೆಸರೂ ಸಹಜ. ಬೆರಳಿಗೆ ಚುಚ್ಚುವಂಥ ಉಕ್ಕಿನ ಚೂರು ಸಿಕ್ಕಿದರೆ ಗಾಡಿ ಅಲ್ಲೇ ನಿಲ್ಲಲಿ, ಡಯಲ್ ಗೇಜ್ ಮತ್ತೆ ಹೊರಗೆ ಬರಲಿ. ಎಲ್ಲ ಸರಿ ಇದ್ದರೆ ಹೊಸ ಎಣ್ಣೆ ತುಂಬಿ, ಬೆಲ್ ಹೌಸಿಂಗಿನ ಬೋಲ್ಟುಗಳನ್ನೂ ಶಾಫ್ಟಿನ ಫ್ಲ್ಯಾಂಜಿನ ನಾಲ್ಕು ನಟ್ಟುಗಳನ್ನೂ ಟಾರ್ಕ್ ಪಾನಾದಲ್ಲಿ ಇನ್ನೊಮ್ಮೆ ಬಿಗಿ ಮಾಡಿ.